ಊಟ ಹಾಕುವ ಕಸುಬು, ಜೀವ ಉಳಿಸಿದ ಊರು

ಫ್ರಾನ್ಸಿನಲ್ಲಿ ಲ ಶಾಂಬೋನ್ ಅಂತ ಒಂದು ಬೆಟ್ಟದ ಊರಿದೆ. ಪೂರ್ತಿ ಹೆಸರು ಲ ಶಾಂಬೋನ್-ಸುರ್-ಲಿನ್ಯೋನ್. ಲಿನ್ಯೋನ್ ಅಂದರೆ ಊರಿನೊಳಗೆ ಹರಿಯುವ ಹೊಳೆ. ಈ ಊರಿನ ಕತೆಯನ್ನು ಎಲ್ಲರೂ ಹೇಳುವ ರೀತಿಯ ಬಗ್ಗೆ ನನಗೊಂದು ತಕರಾರಿದೆ. ಬರೆಯಬೇಕು ಅಂದುಕೊಂಡು ಎಷ್ಟೋ ದಿನ ಆಯಿತು, ಇವತ್ತು ಕೂತೆ.

ಸಾಮಾನ್ಯವಾಗಿ ಹೇಳುವ ಕತೆ ಹೀಗಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿ ಆಂದ್ರೆ ಟ್ರೊಕ್ಮೆ ಅಂತ ಧೈರ್ಯವಂತ ಪಾಸ್ಟರ್ ಇದ್ದರು. ಜನ ಅವರ ಮಾತು ಕೇಳಿ ಯಹೂದಿಗಳನ್ನು ಮನೆಯಲ್ಲಿ ಬಚ್ಚಿಟ್ಟರು, ಸಾವಿರಾರು ಜೀವ ಉಳಿಯಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇಷ್ಟೇ ಹೇಳಿ ನಿಲ್ಲಿಸಿದರೆ ಏನೋ ಪವಾಡ ನಡೆದ ಹಾಗೆ ಕೇಳಿಸುತ್ತದೆ. ನನಗೆ ಕಾಣುವುದು ಬೇರೆ. ಆ ಊರು ಐವತ್ತು ವರ್ಷದಿಂದ ಮಾಡಿಕೊಂಡು ಬಂದಿದ್ದ ಕಸುಬನ್ನೇ ಯುದ್ಧ ಬಂದಾಗಲೂ ಬಿಡದೆ ಮಾಡಿತು. ಬೇರೆಯವರ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡು ಊಟ ಹಾಕುವ ಕಸುಬು.

ಕೆಲಸದ ಮೇಲೆ ಲಿಯೋನ್‌ನಲ್ಲಿದ್ದಾಗ ಒಂದು ಅಕ್ಟೋಬರ್‌ನಲ್ಲಿ ಅಲ್ಲಿಗೆ ಹೋಗಿದ್ದೆ. ಸೇಂತ್ ಎತಿಯೆನ್ ದಾಟಿದ ಮೇಲೆ ರಸ್ತೆ ಸುತ್ತಿ ಸುತ್ತಿ ಹತ್ತುತ್ತದೆ, ಹತ್ತಿ ಮುಗಿಯಿತು ಅನ್ನುವಾಗ ಶಿಖರ ಸಿಗುವುದಿಲ್ಲ, ಅಗಲವಾದ ಬಯಲು ಸಿಗುತ್ತದೆ. ಸಮುದ್ರ ಮಟ್ಟದಿಂದ ಸುಮಾರು 1000 ಮೀಟರ್ ಎತ್ತರದ ಪ್ರಸ್ಥಭೂಮಿ. ಹುಲ್ಲುಗಾವಲು, ಪೈನ್ ಕಾಡು, ದೂರ ದೂರಕ್ಕೆ ಒಂದೊಂದು ಒಂಟಿ ಮನೆ. ದಕ್ಷಿಣಕ್ಕೆ ನೋಡಿದರೆ 1753 ಮೀಟರಿನ ಮೆಜೆಂಕ್ ಬೆಟ್ಟ. ಹಳೆ ಮನೆಗಳ ಗೋಡೆ ದಪ್ಪ ಕಲ್ಲಿನದು, ಮಾಡಿಗೆ ಹೊದಿಸಿದ್ದು ಹೆಂಚಲ್ಲ, ಚಪ್ಪಡಿ ಕಲ್ಲು. ಒಂದು ಮಾಡಿನ ಕೆಳಗೆ ನಿಂತು ಆ ಚಪ್ಪಡಿಯ ಅಂಚನ್ನು ಮುಟ್ಟಿ ನೋಡಿದೆ. ನನ್ನ ಎರಡು ಬೆರಳು ಸೇರಿಸಿದಷ್ಟು ದಪ್ಪ. ಅದನ್ನು ಹೊರುವ ತೊಲೆ ಎಷ್ಟು ಗಟ್ಟಿ ಇರಬೇಕು, ನೀವೇ ಯೋಚನೆ ಮಾಡಿ. ಅಷ್ಟು ಭಾರದ ಮಾಡು ಯಾಕೆ ಅಂತ ಗೊತ್ತಾಗಬೇಕಾದರೆ ಚಳಿಗಾಲದಲ್ಲಿ ಹೋಗಬೇಕಂತೆ. ಆಗ ಉತ್ತರದಿಂದ ಬೀಸುವ ಗಾಳಿಗೆ ಅಲ್ಲಿನವರು ಬ್ಯೂರ್ಲ್ ಅನ್ನುತ್ತಾರೆ. ಬಿದ್ದ ಹಿಮವನ್ನೂ ಅದು ಎತ್ತಿ ಒಯ್ದು ದಾರಿಗೆ ಅಡ್ಡವಾಗಿ ಗುಡ್ಡೆ ಹಾಕುತ್ತದೆ. ಎದುರಿಗಿರುವ ಮನೆಯೂ ಕಾಣುವುದಿಲ್ಲ.

ಇಂಥ ಕಡೆ ಬೇಸಾಯ ಅಂದರೆ ಏನಿರುತ್ತದೆ? ರೈ ಅನ್ನುವ ಒರಟು ಧಾನ್ಯ, ಆಲೂಗಡ್ಡೆ, ನಾಲ್ಕು ಹಸು. ಬೇಸಿಗೆ ಚಿಕ್ಕದು. ಕೈಯಲ್ಲಿ ಕಾಸು ಓಡಾಡುವುದು ಕಷ್ಟ.

ಹಾಗಾಗಿ 1893ನ್ನು ನಾನು ದೊಡ್ಡ ವರ್ಷ ಅನ್ನುತ್ತೇನೆ. ಆ ವರ್ಷ ಸೇಂತ್ ಎತಿಯೆನ್‌ನ ಪಾಸ್ಟರ್ ಲೂಯಿ ಕೋಂತ್ ಒಂದು ಸಂಸ್ಥೆ ಶುರು ಮಾಡಿದರು. ಸೇಂತ್ ಎತಿಯೆನ್ ಆಗ ಕಲ್ಲಿದ್ದಲಿನ ಊರು, ಮಕ್ಕಳು ಕುಡಿಯುವ ಗಾಳಿಯೆಲ್ಲ ಹೊಗೆ. ಕೂಲಿಕಾರರ ಮಕ್ಕಳನ್ನು ಬೇಸಿಗೆಯಲ್ಲಿ ಬೆಟ್ಟದ ರೈತರ ಮನೆಗೆ ಕಳಿಸುವುದು, ಅವರು ಅಲ್ಲಿ ಹಾಲು ಕುಡಿದು, ಬಯಲಲ್ಲಿ ಓಡಾಡಿ, ಮೈ ತುಂಬಿಕೊಂಡು ವಾಪಸ್ ಬರುವುದು, ಇದು ಯೋಜನೆ. ಇಟ್ಟುಕೊಂಡ ಮನೆಗೆ ಅಷ್ಟಿಷ್ಟು ಹಣ ಸಿಗುತ್ತಿತ್ತು. 1902ರಲ್ಲಿ ಮೀಟರ್ ಗೇಜ್ ರೈಲೂ ಬಂತು. ಆಮೇಲೆ ಪಟ್ಟಣದ ಕುಟುಂಬಗಳು, ಎದೆ ಕಾಯಿಲೆಯವರು, ಬೆಟ್ಟದ ಗಾಳಿ ಒಳ್ಳೆಯದು ಅಂತ ಡಾಕ್ಟರ್ ಹೇಳಿ ಕಳಿಸಿದವರು, ಎಲ್ಲರೂ ಬರತೊಡಗಿದರು. ಕ್ಷಯ ಇದ್ದ ಸಾಹಿತಿ ಆಲ್ಬರ್ಟ್ ಕಮೂ 1942ರಲ್ಲಿ ಊರಿನ ಪಕ್ಕದ ಪಾನೆಲಿಯೆಗೆ ಬಂದು ಉಳಿದದ್ದೂ ಈ ಗಾಳಿಗಾಗಿಯೇ. ನಾವು ಪಿ.ಜಿ. ಅಂತೀವಲ್ಲ, ಹಾಗೆ ಊಟ-ವಸತಿಯ ಮನೆಗಳು ಊರ ತುಂಬ ಎದ್ದವು. ನಾನು ಉಳಿದದ್ದೂ ಅಂಥದೇ ಒಂದು ಹಳೆ ಮನೆಯಲ್ಲಿ. ಮೇಲೆ ಸಾಲಾಗಿ ಚಿಕ್ಕ ಚಿಕ್ಕ ಕೋಣೆ, ಮೂಲೆಗೊಂದು ಕೈ ತೊಳೆಯುವ ಬೇಸಿನ್, ಕೆಳಗೆ ಅಡುಗೆಮನೆಯಲ್ಲಿ ಹನ್ನೆರಡು ಜನ ಕೂರುವಷ್ಟು ಉದ್ದದ ಮೇಜು. ಆ ಮೇಜು ನೋಡಿದಾಗಲೇ ನನಗೆ ಈ ಬರಹ ಹೊಳೆದದ್ದು.

ಇನ್ನು ಧರ್ಮದ ವಿಷಯ. ಅದನ್ನು ಬಿಟ್ಟು ಹೇಳಿದರೆ ತಪ್ಪಾಗುತ್ತದೆ. ಕ್ಯಾಥೊಲಿಕ್ ಫ್ರಾನ್ಸಿನಲ್ಲಿ ಈ ಭಾಗದವರು ಹೆಚ್ಚಾಗಿ ಪ್ರೊಟೆಸ್ಟಂಟರು. 1598ರಲ್ಲಿ ಅವರಿಗೆ ಕೊಟ್ಟಿದ್ದ ಹಕ್ಕನ್ನು 1685ರಲ್ಲಿ ಹದಿನಾಲ್ಕನೇ ಲೂಯಿ ಕಿತ್ತುಕೊಂಡ. ಸುಮಾರು ನೂರು ವರ್ಷ, 1787ರವರೆಗೆ, ಇವರು ಕದ್ದುಮುಚ್ಚಿ ಪ್ರಾರ್ಥನೆ ಮಾಡಿದರು. ಸಿಕ್ಕಿಬಿದ್ದ ಪಾಸ್ಟರ್‌ಗಳನ್ನು ನೇಣಿಗೆ ಹಾಕುತ್ತಿದ್ದರು. ಸರ್ಕಾರದ ಆಳುಗಳು ಬಂದಾಗ ಬಾಯಿ ಮುಚ್ಚಿಕೊಂಡಿರುವುದು ಹೇಗೆ ಅಂತ ಈ ಜನಕ್ಕೆ ಅಜ್ಜ ಅಜ್ಜಿಯರ ಕಾಲದಿಂದ ಗೊತ್ತಿತ್ತು. ಚರ್ಚಿನ ಬಾಗಿಲ ಮೇಲೆ ಕಲ್ಲಲ್ಲಿ ಕೊರೆದ ಒಂದೇ ಸಾಲಿದೆ, "ಒಬ್ಬರನ್ನೊಬ್ಬರು ಪ್ರೀತಿಸಿ" ಅಂತ.

ಈಗ 1940-41ಕ್ಕೆ ಬನ್ನಿ. ಫ್ರಾನ್ಸ್ ಹಿಟ್ಲರನ ಜರ್ಮನಿಗೆ ಸೋತಿದೆ, ಉಳಿದ ಫ್ರೆಂಚ್ ಸರ್ಕಾರ ಜರ್ಮನಿಯ ಜೊತೆ ಕೈಜೋಡಿಸಿದೆ. ದಕ್ಷಿಣದ ಗುರ್ಸ್, ರಿವ್‌ಸಾಲ್ಟ್ ಶಿಬಿರಗಳಲ್ಲಿ ಯಹೂದಿ ಕುಟುಂಬಗಳನ್ನು ಕೂಡಿಹಾಕಿದ್ದಾರೆ. ಕ್ವೇಕರ್‌ಗಳು ಅನ್ನುವ ಶಾಂತಿವಾದಿ ಕ್ರೈಸ್ತ ಪಂಗಡದವರು, ಸ್ವಿಸ್ ಸಂಸ್ಥೆಯವರು, ಯಹೂದಿ ಸಂಘಟನೆಗಳು ಓಡಾಡಿ, ಬೇಡಿಕೊಂಡು ಮಕ್ಕಳನ್ನಾದರೂ ಹೊರಗೆ ತರುತ್ತಿದ್ದಾರೆ. ಆದರೆ ತಂದ ಮಕ್ಕಳನ್ನು ಎಲ್ಲಿ ಇಡುವುದು? ಹಾಸಿಗೆ ಬೇಕು, ಶಾಲೆ ಬೇಕು, ಹಾಲು ಬೇಕು. ಅಪರಿಚಿತ ಮಗು ಕಂಡರೆ ಯಾರೂ ಎರಡನೇ ಸಲ ತಿರುಗಿ ನೋಡದ ಊರು ಬೇಕು. ಇದೆಲ್ಲ ಒಂದೇ ಕಡೆ ಇದ್ದದ್ದು ಲ ಶಾಂಬೋನ್‌ನಲ್ಲಿ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ. ಟ್ರೊಕ್ಮೆ ಮತ್ತು ಎದುವಾರ್ ತೈಸ್ 1938ರಲ್ಲೇ ಅಲ್ಲಿ ಒಂದು ಶಾಲೆ ತೆರೆದಿದ್ದರು. ಸ್ವಿಸ್ ಸಂಸ್ಥೆಯವರು 1941ರ ಮೇನಲ್ಲಿ ಲ ಗೆಸ್ಪಿ ಅನ್ನುವ ಮಕ್ಕಳ ಮನೆ ಶುರು ಮಾಡಿದರು. ಮುಂದೆ ಜಗತ್ತಿನ ದೊಡ್ಡ ಗಣಿತಜ್ಞರಲ್ಲಿ ಒಬ್ಬರಾದ ಅಲೆಕ್ಸಾಂಡರ್ ಗ್ರೋಥೆಂಡಿಕ್ ಹುಡುಗನಾಗಿ ಇದ್ದದ್ದು ಆ ಮನೆಯಲ್ಲಿ. ಅವರ ತಂದೆ ನಾಜಿಗಳ ಆಶ್ವಿಟ್ಜ್ ಶಿಬಿರದಲ್ಲಿ ಸತ್ತರು.

ಸಂಸ್ಥೆಗಳು ಮಕ್ಕಳ ಊಟದ ಖರ್ಚಿಗೆ ಹಣ ಕೊಡುತ್ತಿದ್ದವು. ಇದನ್ನು ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ, ಊರಿನವರ ದೊಡ್ಡತನ ಕಡಿಮೆಯಾಯಿತು ಅನ್ನುವ ಹಾಗೆ. ನನಗೆ ಹಾಗನ್ನಿಸುವುದಿಲ್ಲ. ರೇಷನ್ ಕಾಲ, ಬ್ರೆಡ್ಡಿಗೂ ಚೀಟಿ. ಬಡ ರೈತರ ಹೆಂಡತಿ ಇನ್ನೊಂದು ತಟ್ಟೆ ಹಾಕಬೇಕಾದರೆ ಲೆಕ್ಕ ನೋಡಲೇಬೇಕು ಅಲ್ವಾ? ಪೊಲೀಸರು ಬಂದರೆ ಏನಾಗುತ್ತದೆ ಅನ್ನುವುದು ಆ ಲೆಕ್ಕದಲ್ಲಿ ಬರುವುದಿಲ್ಲ. ಅದಕ್ಕೆ ಬೆಲೆ ಕಟ್ಟುವವರು ಯಾರೂ ಇರಲಿಲ್ಲ. ಅದನ್ನು ಅವಳು ಸುಮ್ನೆ ಮೈಮೇಲೆ ಹಾಕಿಕೊಂಡಳು, ವರ್ಷಗಟ್ಟಲೆ.

ಆ ರೇಷನ್ ಚೀಟಿಗೂ ಒಂದು ಕತೆ ಇದೆ. ಆಸ್ಕರ್ ರೊಸೊವ್ಸ್ಕಿ ಅಂತ ಎಳೆ ವಯಸ್ಸಿನ ಯಹೂದಿ ಹುಡುಗ, ತಾನೇ ತಲೆಮರೆಸಿಕೊಂಡವನು, ಒಂದು ರೈತರ ಮನೆಯಲ್ಲಿ ಕೂತು ಗುರುತಿನ ಚೀಟಿ, ರೇಷನ್ ಚೀಟಿ ಅಂತ ಸಾವಿರಾರು ನಕಲಿ ಕಾಗದ ಮಾಡಿದ. ಸಾಮಾನುಗಳನ್ನು ಬಚ್ಚಿಡುತ್ತಿದ್ದದ್ದು ಜೇನು ಪೆಟ್ಟಿಗೆಯಲ್ಲಿ. ಯಾವ ಪೊಲೀಸಿನವನು ಅದಕ್ಕೆ ಕೈ ಹಾಕುತ್ತಾನೆ!

1942ರ ಆಗಸ್ಟ್‌ನಲ್ಲಿ ಮಂತ್ರಿಯೊಬ್ಬರು ಊರಿಗೆ ಬಂದಾಗ ಶಾಲೆಯ ದೊಡ್ಡ ಹುಡುಗರು ನೇರವಾಗಿ ಪತ್ರ ಕೊಟ್ಟರು. ನಮ್ಮ ನಡುವೆ ಯಹೂದಿಗಳಿದ್ದಾರೆ, ಅವರನ್ನು ಹಿಡಿಯಲು ಬಂದರೆ ಬಚ್ಚಿಡುತ್ತೇವೆ ಅಂತ. ಅದೇ ತಿಂಗಳ ಕೊನೆಗೆ ಪೊಲೀಸರು ಬಸ್ಸು ತೆಗೆದುಕೊಂಡು ಬಂದರು. ವಾರಗಟ್ಟಲೆ ಹುಡುಕಿದರು. ಮಕ್ಕಳು ಕಾಡಿನಲ್ಲಿ, ಒಂಟಿ ಮನೆಗಳಲ್ಲಿ. ಸಿಕ್ಕವರು ಬೆರಳೆಣಿಕೆ.

ಎಲ್ಲ ಸಲವೂ ಹೀಗಾಗಲಿಲ್ಲ. 1943ರ ಜೂನ್ 29ರಂದು ಜರ್ಮನಿಯ ಗುಪ್ತ ಪೊಲೀಸ್ ಗೆಸ್ಟಾಪೊ ಒಂದು ವಿದ್ಯಾರ್ಥಿ ನಿಲಯದ ಮೇಲೆ ದಾಳಿ ಮಾಡಿತು. ಅದನ್ನು ನೋಡಿಕೊಳ್ಳುತ್ತಿದ್ದ ಡೇನಿಯಲ್ ಟ್ರೊಕ್ಮೆ, ಪಾಸ್ಟರ್ ಅವರ ಬಂಧು, ತಪ್ಪಿಸಿಕೊಳ್ಳಬಹುದಿತ್ತು. ಹುಡುಗರನ್ನು ಬಿಟ್ಟು ಹೋಗಲಿಲ್ಲ. 1944ರ ಏಪ್ರಿಲ್‌ನಲ್ಲಿ ನಾಜಿಗಳ ಮಜ್ದಾನೆಕ್ ಶಿಬಿರದಲ್ಲಿ ತೀರಿಕೊಂಡರು.

ಎಷ್ಟು ಜನ ಉಳಿದರು ಅಂತ ಕೇಳಿದರೆ ಕೆಲವರು 5000 ಅನ್ನುತ್ತಾರೆ, ಅಷ್ಟಿರಲಿಕ್ಕಿಲ್ಲ ಅನ್ನುವ ಇತಿಹಾಸಕಾರರೂ ಇದ್ದಾರೆ. ಯಹೂದಿ ನರಮೇಧದ ನೆನಪು ಕಾಯುವ, ಇಸ್ರೇಲ್‌ನ ಯಾದ್ ವಾಶೆಮ್ ಸಂಸ್ಥೆ 1990ರಲ್ಲಿ ಲ ಶಾಂಬೋನ್ ಮತ್ತು ಸುತ್ತಲಿನ ಹಳ್ಳಿಗಳ ಜನಕ್ಕೆಲ್ಲ ಸೇರಿಸಿ ಗೌರವ ಕೊಟ್ಟಿತು. ಒಬ್ಬರಿಗೆ ಕೊಡುವುದನ್ನು ಹೀಗೆ ಊರಿಗೇ ಕೊಟ್ಟದ್ದು ಸರಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ಚರ್ಚಿನ ಎದುರಿಗೆ ಆಶ್ರಯ ಪಡೆದವರೇ 1979ರಲ್ಲಿ ಹಾಕಿಸಿದ ಫಲಕವೂ ಇದೆ.

ಈಗಿನ ಊರು ಮೆತ್ತಗಾಗಿದೆ. ರೈಲು 1968ರಲ್ಲಿ ನಿಂತಿತು. ಆ ಹಳಿಯ ಒಂದು ತುಂಡಿನ ಮೇಲೆ ಪ್ರವಾಸಿಗರ ರೈಲು ಓಡುತ್ತದೆ. 2013ರಲ್ಲಿ ಈ ಕತೆಯ ಮ್ಯೂಸಿಯಂ ತೆರೆಯಿತು, ಮರುವರ್ಷವೇ ಟ್ರೊಕ್ಮೆ, ತೈಸ್ ತೆರೆದಿದ್ದ ಆ ಹಳೆ ಶಾಲೆ ಮುಚ್ಚಿತು. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ. ಮ್ಯೂಸಿಯಂ ನೋಡಲು ಬಂದವರು ಸಂಜೆಗೆ ಇಳಿದು ಹೋಗುತ್ತಾರೆ. ಶಾಲೆ ಇದ್ದರೆ ಊರಲ್ಲಿ ಅಡುಗೆಯವರಿಗೆ, ಬ್ರೆಡ್ ಮಾಡುವವರಿಗೆ, ಕೋಣೆ ಬಾಡಿಗೆ ಕೊಡುವವರಿಗೆ ವರ್ಷವಿಡೀ ಕೆಲಸ ಇರುತ್ತದೆ.

2020ರ ಡಿಸೆಂಬರ್‌ನಲ್ಲಿ ಎರಿಕ್ ಶ್ವಾಮ್ ಅಂತ ಒಬ್ಬರು 90ನೇ ವಯಸ್ಸಿನಲ್ಲಿ ತೀರಿಕೊಂಡರು. ವಿಯೆನ್ನಾದಿಂದ ಓಡಿಬಂದ ಯಹೂದಿ ಕುಟುಂಬದವರು. 1943ರಲ್ಲಿ ಹುಡುಗನಾಗಿದ್ದಾಗ ಈ ಊರು ಸೇರಿದವರು, ಯುದ್ಧ ಮುಗಿದ ಮೇಲೂ ಕೆಲವು ವರ್ಷ ಅಲ್ಲೇ ಇದ್ದರು. ಉಯಿಲಿನಲ್ಲಿ ಊರಿಗೆ ಸುಮಾರು 20 ಲಕ್ಷ ಯೂರೋ ಬರೆದಿಟ್ಟಿದ್ದರು. ಶಿಕ್ಷಣಕ್ಕೆ, ಎಳೆಯರಿಗೆ ಖರ್ಚು ಮಾಡಿ ಅಂತ ಹೇಳಿದ್ದರು. ಆ ಹಣದಲ್ಲಿ ಇನ್ನೊಂದು ಸ್ಮಾರಕ ಎಬ್ಬಿಸಬೇಡಿ ಅನ್ನುವುದು ನನ್ನ ಆಸೆ. ಖಾಲಿ ಬಿದ್ದ ಕೋಣೆಗಳಿಗೆ ಸುಣ್ಣ ಹೊಡೆಸಿ, ಹಾಸಿಗೆ ಹಾಕಿ, ಎಲ್ಲಿಂದಲಾದರೂ ಮಕ್ಕಳನ್ನು ಕರೆಸಿಕೊಳ್ಳಲಿ. ಮೇಜು ಹೇಗೂ ಅಲ್ಲೇ ಇದೆ.