ಕಬ್ಬಿನ ಹಾಲು ಹಾಲಲ್ಲ ಅಂತ ಯಂತ್ರಕ್ಕೆ ಹೇಳುವವರು ಯಾರು?

ನೆಲ್ ಎಂಬ ಕಂಪ್ಯೂಟರ್ ಪ್ರೋಗ್ರಾಂನ ಕತೆ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ಮತ್ತು ಅವರ ತಂಡ 2010ರ ಜನವರಿಯಲ್ಲಿ ಅದನ್ನು ಓದಲು ಕೂರಿಸಿತು. ಹಗಲೂ ರಾತ್ರಿ ಒಂದೇ ಕೆಲಸ. ಇಂಟರ್ನೆಟ್‌ನಲ್ಲಿರುವ ಬರಹ ಓದಬೇಕು, ಅದರಿಂದ ಸಂಗತಿಗಳನ್ನು ಹೆಕ್ಕಬೇಕು. ಊರು, ಕಂಪನಿ, ಆಟಗಾರ ಅಂತ ನೂರಾರು ಗುಂಪು ಮಾಡಿ, ಒಂದೊಂದಕ್ಕೂ ಹತ್ತು ಹದಿನೈದು ಉದಾಹರಣೆ ಹೇಳಿಕೊಟ್ಟಿದ್ದರು. 'ಮಂಡ್ಯ, ಹಾಸನ ಮುಂತಾದ ಜಿಲ್ಲೆಗಳು' ಅಂತ ಓದಿದರೆ ಹಾಸನವೂ ಒಂದು ಜಿಲ್ಲೆ ಅಂತ ನಮಗೆ ಗೊತ್ತಾಗುತ್ತದಲ್ಲ, ಅದೂ ಹಾಗೇ ಕಲಿಯುತ್ತಾ ಹೋಯಿತು.

ಆದರೆ ಒಂದು ಕಡೆ ಎಡವಿತು. ಇಂಗ್ಲಿಷಿನಲ್ಲಿ ಕುಕ್ಕೀಸ್ ಅಂದರೆ ಬಿಸ್ಕತ್ತಿನಂಥ ತಿನಿಸು; ವೆಬ್‌ಸೈಟ್‌ಗಳು ನಮ್ಮ ಬ್ರೌಸರ್‌ನಲ್ಲಿ ಉಳಿಸುವ ಪುಟ್ಟ ಮಾಹಿತಿಗೂ ಅದೇ ಹೆಸರು. ಈ ಎರಡನೆಯದನ್ನೂ ಅದು ಬೇಕರಿ ತಿನಿಸು ಅಂದುಕೊಂಡಿತು. 'ಕುಕ್ಕೀಸ್ ಡಿಲೀಟ್ ಮಾಡಿದೆ' ಎಂಬ ಸಾಲು ಸಿಕ್ಕಿತು. 'ಫೈಲ್ ಡಿಲೀಟ್ ಮಾಡಿದೆ' ಎಂಬುದೂ ಸಿಕ್ಕಿತು. ಹಾಗಾದರೆ ಫೈಲ್ ಕೂಡ ಬೇಕರಿ ತಿನಿಸೇ! ಮೊದಲ ಆರು ತಿಂಗಳು ಅದನ್ನು ಅದರ ಪಾಡಿಗೆ ಬಿಟ್ಟಿದ್ದರು. ಆಮೇಲೆ ಎರಡು ವಾರಕ್ಕೊಮ್ಮೆ ಒಂದೊಂದು ಗುಂಪಿನ ಮೇಲೂ 5 ನಿಮಿಷ ಕಣ್ಣಾಡಿಸಿ ತಪ್ಪು ತೆಗೆಯತೊಡಗಿದರು.

ನನಗೆ ಆ 5 ನಿಮಿಷವೇ ದೊಡ್ಡದು ಅನ್ನಿಸುತ್ತದೆ.

ನಮ್ಮ ಚಿಕ್ಕಪ್ಪ ಮಂಡ್ಯದ ಕಡೆ ಆಲೆಮನೆ ನಡೆಸುತ್ತಿದ್ದರು. ಗಾಣದಿಂದ ಇಳಿದ ರಸಕ್ಕೆ ಅಲ್ಲಿ ಕಬ್ಬಿನ ಹಾಲು ಅನ್ನುತ್ತಾರೆ. ಅದನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಹದ ಬಂದ ಮೇಲೆ ಅಚ್ಚಿಗೆ ಹಾಕುತ್ತಾರೆ. ಓದುವ ಯಂತ್ರಕ್ಕೆ 'ಹಾಲು ಕಾಯಿಸಿದರು' ಅಂತ ಸಿಗುತ್ತದೆ. 'ಬೆಲ್ಲ ಅಚ್ಚಿಗೆ ಹಾಕಿದರು' ಸಿಗುತ್ತದೆ, 'ಪುಸ್ತಕ ಅಚ್ಚಿಗೆ ಹೋಯಿತು' ಅಂತಲೂ ಸಿಗುತ್ತದೆ. ನೆಲ್ ಎಡವಿದ್ದು ಇಂಥ ಕಡೆಯೇ ಅಲ್ವಾ?

ಎಐ ತಾನಾಗೇ ಕನ್ನಡ ಕಲಿತುಬಿಡುತ್ತದೆ, ನಾವೇನು ಮಾಡಬೇಕು ಅಂತ ಗೆಳೆಯರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಇವತ್ತಿನ ಎಐಗಳು ನೆಲ್‌ಗಿಂತ ಎಷ್ಟೋ ಜಾಸ್ತಿ ಓದುತ್ತವೆ, ನಿಜ. ಆದರೆ ಬರೆಯದೇ ಇದ್ದದ್ದನ್ನು ಎಲ್ಲಿಂದ ಓದುತ್ತವೆ? ಇಂಗ್ಲಿಷಿನಲ್ಲಾದರೆ ಒಂದು ಪದಕ್ಕೆ ಸಾವಿರಾರು ಸಾಲು ಇರುತ್ತವೆ, ಒಂದು ದಾರಿ ತಪ್ಪಿಸಿದರೆ ಇನ್ನೊಂದು ಸರಿಮಾಡುತ್ತದೆ. ನಮ್ಮ ಆಲೆಮನೆಯ ಮಾತಿಗೆ ಅಷ್ಟು ಸಾಲು ಇಲ್ಲ. ಮನೆಯಲ್ಲಿ ಮಗ್ಗ, ಕುಲುಮೆ, ಗಾಣ ಕಂಡ ಹಿರಿಯರಿದ್ದರೆ ದಯವಿಟ್ಟು ಕೇಳಿ ಬರೆದಿಡಿ.

ನಾನು ಶುರು ಮಾಡಿದ್ದೇನೆ. ನಿನ್ನೆ ರಾತ್ರಿ ಫೋನ್ ಮಾಡಿ, "ಹದ ಬಂದಿದ್ದು ಹೆಂಗೆ ಗೊತ್ತಾಗೋದು ಚಿಕ್ಕಪ್ಪ?" ಅಂದೆ. "ನೀರಿಗೆ ಒಂದ್ ತೊಟ್ಟು ಬುಡಬೇಕು ಕಣ್ ಮಗಾ, ಕರಗ್ದೆ ಉಂಡೆ ಕಟ್ತು ಅಂದ್ರೆ ಬಂತು ಅಂತ" ಅಂದರು. ಹಾಗೇ ಬರೆದು ಹಾಕಿದ್ದೇನೆ. ಕಬ್ಬಿನ ಹಾಲು ಅಂದರೆ ಕಬ್ಬಿನ ರಸ ಅಂತ ಮೊದಲ ಸಾಲಿನಲ್ಲೇ ಇದೆ.