ಎಸಿಗಿಂತ ಮೊದಲು ಅಡುಗೆಮನೆ

ಯುಗಾದಿ ಕಳೆದು ಮಾವಿನಕಾಯಿ ಚಿತ್ರಾನ್ನ ಹಳತಾಗುವ ಹೊತ್ತಿಗೆ ನಮ್ಮ ಮನೆಯಲ್ಲಿ ಎಸಿಯ ಚರ್ಚೆ ಶುರುವಾಗುತ್ತದೆ. ಮೈಸೂರಿಗೂ ಎಸಿ ಬೇಕೇ ಎಂದು ನಗುತ್ತಿದ್ದ ಕಾಲ ಹೋಯಿತು. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಊರು ತಂಪಾಗಿಯೇ ಇರುತ್ತದೆ ಎಂಬ ಹಿರಿಯರ ನಂಬಿಕೆಯನ್ನು ಇತ್ತೀಚಿನ ಬೇಸಿಗೆಗಳು, ಅದರಲ್ಲೂ ಮುಂಗಾರು ಕೈಕೊಟ್ಟ ವರ್ಷದ ಬೆನ್ನಿಗೇ ಬಂದ 2024ರ ಬೇಸಿಗೆ, ಚೆನ್ನಾಗಿಯೇ ಅಲುಗಾಡಿಸಿವೆ. ಮಗನಿಗೆ ಓದಲು ತಂಪು ಬೇಕು, ಯಜಮಾನರಿಗೆ ನಿದ್ದೆ ಬೇಕು, ಅತ್ತೆಯವರಿಗೆ ಮಾತ್ರ ಎಸಿ ಎಂದರೆ ಮೈಕೈ ನೋವು. ಮನೆ ನನ್ನ ಹೆಸರಿನಲ್ಲಿದೆ, ಕಂದಾಯದ ರಸೀದಿಯೂ ನನ್ನ ಹೆಸರಿಗೇ ಬರುತ್ತದೆ, ಆದ್ದರಿಂದ ಮನೆಯೊಡತಿಯ ಅಭಿಪ್ರಾಯ ಕೇಳುವ ಶಾಸ್ತ್ರವೂ ನಡೆಯುತ್ತದೆ. ಈ ಸಲ ನಾನು ಕೊಟ್ಟ ಅಭಿಪ್ರಾಯ ಯಾರಿಗೂ ಹಿಡಿಸಲಿಲ್ಲ: ಎಸಿ ತರುವುದಾದರೆ ತರೋಣ, ಆದರೆ ಅದಕ್ಕೆ ಮೊದಲು ಅಡುಗೆಮನೆಯ ಸೆಕೆಗೆ ಒಂದು ದಾರಿಯಾಗಬೇಕು.

ಯಾರ ಮನೆಯಲ್ಲಿ ನೋಡಿದರೂ ಸೆಕೆಯ ಮಾತು ಮಲಗುವ ಕೋಣೆಯಲ್ಲಿ ಹುಟ್ಟಿ ಅಲ್ಲೇ ಮುಗಿಯುತ್ತದೆ. ರಾತ್ರಿ ನಿದ್ದೆ ಬರಲಿಲ್ಲ ಎಂಬ ದೂರಿಗೆ ಇರುವ ಬೆಲೆ, ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಒಲೆಯ ಮುಂದೆ ನಿಂತವಳ ಸೆರಗು ಬೆವರಿಗೆ ಒದ್ದೆಯಾಯಿತು ಎಂಬುದಕ್ಕಿಲ್ಲ, ಏಕೆಂದರೆ ಅವಳು ಅದನ್ನು ದೂರು ಎಂದು ಹೇಳಿಯೇ ಇರುವುದಿಲ್ಲ. ಬೇರೆ ಯಾವ ಕೋಣೆಯಲ್ಲಾದರೂ ಫ್ಯಾನ್ ಹಾಕಿಕೊಳ್ಳಬಹುದು. ಅಡುಗೆಮನೆಯಲ್ಲಿ ಹಾಕಿದರೆ ಗ್ಯಾಸಿನ ಉರಿ ಅತ್ತಿತ್ತ ಅಲೆಯುತ್ತದೆ, ಸಣ್ಣ ಉರಿಯಾದರೆ ಆರಿಯೇ ಹೋಗುತ್ತದೆ. ಒಂದು ದೊಡ್ಡ ಬರ್ನರ್ ಪೂರ್ತಿ ಉರಿಯಲ್ಲಿ ಎರಡು ಕಿಲೋವ್ಯಾಟ್ ಆಸುಪಾಸಿನ ಶಾಖ ಕೊಡುತ್ತದೆ. ಒಂದು ಟನ್ನಿನ ಎಸಿ ಕೋಣೆಯಿಂದ ಹೊರಗೆ ಸಾಗಿಸುವ ಶಾಖ ಸುಮಾರು 3.5 ಕಿಲೋವ್ಯಾಟ್. ಅಂದರೆ ಒಂದು ಒಲೆಯ ಮೇಲೆ ಕುಕ್ಕರ್, ಇನ್ನೊಂದರ ಮೇಲೆ ಕಾವಲಿ ಇಟ್ಟುಕೊಂಡು ನಿಂತವಳ ಎದುರಿಗೆ ಉರಿಯುತ್ತಿರುವುದು, ಎಸಿಯೊಂದು ಹೆಣಗಾಡಿ ಹೊರಗೆ ಹಾಕಬೇಕಾದಷ್ಟು ಬಿಸಿ. ಐಎಸ್‌ಐ ಗುರುತಿನ ಗ್ಯಾಸ್ ಒಲೆಗೆ ಕನಿಷ್ಠ ಶೇ 68ರಷ್ಟು ದಕ್ಷತೆ ಇರಬೇಕೆಂಬ ನಿಯಮವಿದೆ; ಉಳಿದ ಪಾಲು ಪಾತ್ರೆಗೆ ತಾಗದೆ ನೇರವಾಗಿ ಕೋಣೆಗೆ ಬರುತ್ತದೆ. ಪಾತ್ರೆಯೊಳಗೆ ಹೋದದ್ದರಲ್ಲೂ ಬಹುಪಾಲು ಹಬೆಯಾಗಿ ಅಲ್ಲಿಗೇ ಮರಳುತ್ತದೆ.

ಇದರ ಮೇಲೆ ವಾಸ್ತು. ಅಡುಗೆಮನೆ ಆಗ್ನೇಯದಲ್ಲೇ ಇರಬೇಕು, ಅಡುಗೆ ಮಾಡುವವರು ಪೂರ್ವಕ್ಕೆ ಮುಖ ಮಾಡಿ ನಿಲ್ಲಬೇಕು ಎಂಬುದನ್ನು ನಮ್ಮ ಬಡಾವಣೆಗಳಲ್ಲಿ ಪ್ರಶ್ನಿಸುವವರಿಲ್ಲ. ನಂಬುವವರ ಜೊತೆ ನನಗೆ ಜಗಳವಿಲ್ಲ, ಆದರೆ ಪೂರ್ವಕ್ಕೆ ಕಿಟಕಿ ಇಟ್ಟ ಮೇಲೆ ಬೇಸಿಗೆಯ ಬೆಳಗಿನಲ್ಲಿ ಅಲ್ಲಿ ಏನಾಗುತ್ತದೆ ಎಂಬುದನ್ನೂ ನೋಡಬೇಕಲ್ಲವೇ? ತಿಂಡಿಗೆ ಒಲೆ ಉರಿಯುವ ಹೊತ್ತೂ ಬಿಸಿಲು ಕಿಟಕಿಯಿಂದ ಓರೆಯಾಗಿ ಒಳಗೆ ನುಗ್ಗುವ ಹೊತ್ತೂ ಒಂದೇ. ಎಂಟು ಗಂಟೆಯ ಓರೆ ಬಿಸಿಲನ್ನು ಸಜ್ಜ ತಡೆಯುವುದಿಲ್ಲ, ಒಳಗಿನ ಪರದೆಯೂ ಅಷ್ಟಾಗಿ ತಡೆಯುವುದಿಲ್ಲ, ಏಕೆಂದರೆ ಪರದೆ ಮುಟ್ಟುವ ಹೊತ್ತಿಗೆ ಬಿಸಿಲು ಮನೆಯೊಳಗೆ ಬಂದಾಗಿರುತ್ತದೆ. ಕಿಟಕಿಯ ಹೊರಗೆ ಬಿದಿರಿನ ತಟ್ಟಿಯನ್ನೋ ಬಳ್ಳಿಯನ್ನೋ ಹಬ್ಬಿಸಬೇಕು. ನಮ್ಮಲ್ಲಿ ಈಗ ತಟ್ಟಿ ಇದೆ. ಮಲ್ಲಿಗೆ ಬಳ್ಳಿ ಇನ್ನೂ ಮೊಣಕಾಲೆತ್ತರದಲ್ಲಿದೆ.

ತಾರಸಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಪ್ರಿಲ್ 22ರ ಆಸುಪಾಸಿನಲ್ಲಿ ಮೈಸೂರಿನ ನಡುಹಗಲ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೂ ಆಗ ನೆರಳಿರುವುದಿಲ್ಲ. ಅಲ್ಲಿಂದ ಆಗಸ್ಟ್ 20ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ನಮಗಿಂತ ಉತ್ತರಕ್ಕಿರುತ್ತಾನೆ. ದಕ್ಷಿಣದ ಗೋಡೆಗೆ ದಪ್ಪ ಪರದೆ ತೂಗಿಬಿಡುವವರು ಇದನ್ನು ಗಮನಿಸಬೇಕು: ಮೇ ತಿಂಗಳ ನಡುಹಗಲಿನಲ್ಲಿ ಆ ಗೋಡೆಗೆ ಬಿಸಿಲೇ ಬೀಳುವುದಿಲ್ಲ. ಇಡೀ ದಿನದ ಬಿಸಿಲನ್ನು ಮೈಮೇಲೆ ಹಾಕಿಕೊಳ್ಳುವುದು ತಾರಸಿ, ಸಂಜೆಯ ಪಾಲನ್ನು ಪಶ್ಚಿಮದ ಗೋಡೆ. ಕಾಂಕ್ರೀಟಿಗೆ ಕಾಯಲು ಎಷ್ಟು ಹೊತ್ತು ಬೇಕೋ ಆರಲೂ ಅಷ್ಟೇ ಹೊತ್ತು ಬೇಕು. ಹಗಲೆಲ್ಲ ಕುಡಿದ ಬಿಸಿಯನ್ನು ಅದು ಸಂಜೆಯಿಂದ ಮಧ್ಯರಾತ್ರಿಯವರೆಗೆ ಕೆಳಗಿನ ಕೋಣೆಗೆ ಇಳಿಸುತ್ತಲೇ ಇರುತ್ತದೆ. ಹೊರಗೆ ಗಾಳಿ ತಂಪಾದ ಮೇಲೂ ಒಳಗೆ ಫ್ಯಾನ್ ಬಿಸಿಗಾಳಿಯನ್ನೇ ಬೀಸುವುದು ಇದರಿಂದ. ರಾತ್ರಿಯ ಅಡುಗೆಗೆ ನಿಂತವಳಿಗೆ ಕೆಳಗೆ ಒಲೆ, ಮೇಲೆ ಸೂರು, ಎರಡು ಕಡೆಯಿಂದಲೂ ಕಾವು. ತಾರಸಿಯ ಮೇಲಿನ ಕಪ್ಪು ಟ್ಯಾಂಕಿನ ನೀರೋ, ಮಧ್ಯಾಹ್ನ ಅಕ್ಕಿ ತೊಳೆಯಲು ನಲ್ಲಿ ತಿರುಗಿಸಿದರೆ ಕೈ ಹಿಂದೆ ಎಳೆದುಕೊಳ್ಳುವಷ್ಟು ಬಿಸಿ.

ಪರಿಹಾರ ಹೊಸದೇನೂ ಅಲ್ಲ. ಸುಣ್ಣಕ್ಕೆ ಒಂದಿಷ್ಟು ಫೆವಿಕಾಲ್ ಬೆರೆಸಿ ತಾರಸಿಗೆ ಬಳಿದರೆ ಬೆಳ್ಳಗಿನ ಮೈ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಸಂಜೆ ಸೂರಿನ ಕೆಳಗೆ ಕೈಯೆತ್ತಿ ನಿಂತರೆ ವ್ಯತ್ಯಾಸ ತಾನೇ ತಿಳಿಯುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ಇಂಥ ತಂಪು ಸೂರಿಗೆಂದೇ ಒಂದು ನೀತಿಯನ್ನು ಜಾರಿಗೆ ತಂದಿದೆ. ನಕ್ಷೆ ಮಂಜೂರಾತಿಗೆ ಹತ್ತೆಂಟು ಕಾಗದ ಕೇಳುವ ನಮ್ಮ ಊರುಗಳಲ್ಲೂ ಬಿಳಿ ತಾರಸಿಯನ್ನು ಒಂದು ಷರತ್ತಾಗಿ ಸೇರಿಸಬಹುದು ಎಂಬುದು ನನ್ನ ಅಭಿಪ್ರಾಯ. ಕೈಯಲ್ಲಿ ಹಣವಿರುವವರು ಸೌರ ಫಲಕ ಹಾಕಿಸಿದರೆ ವಿದ್ಯುತ್ತಿನ ಜೊತೆಗೆ ಸೂರಿಗೆ ನೆರಳೂ ಸಿಗುತ್ತದೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನವಿದೆ. ಅತ್ತೆಯವರ ಆಕ್ಷೇಪವೊಂದು ಇತ್ತು, ಸುಣ್ಣದ ಪುಡಿ ಹಪ್ಪಳ ಸಂಡಿಗೆಗೆ ಮೆತ್ತಿಕೊಳ್ಳುತ್ತದೆಂದು. ಅವರು ಹಪ್ಪಳ ಸಂಡಿಗೆಗೆ ಚಾಪೆ ಹಾಸುವ ಮೂಲೆಯನ್ನು ಬಿಟ್ಟು ಉಳಿದದ್ದಕ್ಕೆ ಬಳಿದೆವು.

ಎಸಿಯ ಲೆಕ್ಕಕ್ಕೆ ಬರೋಣ. ಗೃಹಜ್ಯೋತಿ ಬಂದಂದಿನಿಂದ ಮಧ್ಯಮ ವರ್ಗದ ಮನೆಗಳಲ್ಲಿ ವಿದ್ಯುತ್ ಮೀಟರಿನ ಮೇಲೆ ಇರುವಷ್ಟು ಗಮನ ಮಕ್ಕಳ ಅಂಕಪಟ್ಟಿಯ ಮೇಲೂ ಇಲ್ಲ. 2022–23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿ ಉಚಿತದ ಮಿತಿ ನಿಗದಿ ಮಾಡಿದ್ದಾರೆ; ಅದಕ್ಕಿಂತ ಹೆಚ್ಚಾದದ್ದಕ್ಕೆ ಹಣ ಕಟ್ಟಬೇಕು, ಬಳಕೆ 200 ಯೂನಿಟ್ ದಾಟಿತೋ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಎಸಿಗೆ ಗಂಟೆಗೆ ಒಂದು ಯೂನಿಟ್ ಎಂದು ಅಂದಾಜಿಗೆ ಹಿಡಿದರೂ ರಾತ್ರಿ ಆರು ಗಂಟೆಯಂತೆ ತಿಂಗಳಿಗೆ 180 ಯೂನಿಟ್ ಆಗುತ್ತದೆ. ಹೊಸ ಎಸಿಗಳು 24 ಡಿಗ್ರಿಗೆ ಹೊಂದಿಸಿಕೊಂಡೇ ಶುರುವಾಗಬೇಕೆಂದು 2020ರಿಂದ ನಿಯಮವಿದೆ, ಆದರೆ ನನ್ನ ಮಗನಂಥವರ ಬೆರಳು 18ರವರೆಗೆ ಒತ್ತದೆ ನಿಲ್ಲುವುದಿಲ್ಲ. ತಮಾಷೆಯೆಂದರೆ, ಕೋಣೆಗೆ ಕಡಿಮೆ ಬಿಸಿ ಬಿಡುವ ಇಂಡಕ್ಷನ್ ಒಲೆಯೊಂದನ್ನು ತರೋಣವೆಂದು ನಾನು ಹೇಳಿದಾಗ ಯೂನಿಟ್ ಏರುತ್ತದೆ ಎಂದು ಬೇಡವೆಂದವರೇ ಈಗ ಎಸಿಯ 180 ಯೂನಿಟ್ಟಿಗೆ ಒಪ್ಪಿಗೆ ಕೊಡುತ್ತಿದ್ದಾರೆ.

ಈ ವಿಷಯ ಎತ್ತಿದರೆ ಯಾರಾದರೂ ಒಬ್ಬರು ಹಳೆಯ ಹೆಂಚಿನ ಮನೆ, ತೊಟ್ಟಿ ಮನೆಗಳ ತಂಪನ್ನು ಹೊಗಳಲು ತೊಡಗುತ್ತಾರೆ. ನನ್ನ ತವರು ಪಾಂಡವಪುರದ ಕಡೆ; ಅಂಥ ಮನೆಯಲ್ಲೇ ಬೆಳೆದವಳು ನಾನು. ತೊಟ್ಟಿಯ ಸುತ್ತಿನ ಜಗುಲಿ ತಂಪಾಗಿತ್ತು ಎಂಬುದು ನಿಜ, ಆದರೆ ಅಲ್ಲಿ ಮಧ್ಯಾಹ್ನ ಒರಗಿಕೊಳ್ಳುತ್ತಿದ್ದವರು ಗಂಡಸರು. ಹಿಂದಿನ ಕತ್ತಲೆಯ ಅಡುಗೆಮನೆಯಲ್ಲಿ ಸೌದೆ ಒಲೆಯ ಹೊಗೆಗೆ ಅಜ್ಜಿಯ ಕಣ್ಣು ಸದಾ ಕೆಂಪಾಗಿರುತ್ತಿತ್ತು. ಮೊಮ್ಮಕ್ಕಳ ನೆನಪಿನಲ್ಲಿ ಜಗುಲಿ ಉಳಿದಿದೆ, ಹೊಗೆ ಉಳಿದಿಲ್ಲ. ಗ್ಯಾಸ್ ಬಂದು ಆ ಹೊಗೆ ಹೋದದ್ದು ದೊಡ್ಡ ಉಪಕಾರವೇ. ಬಿಸಿ ಮಾತ್ರ ಉಳಿದುಕೊಂಡಿತು.

ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆಯದು ಇನ್ನೂ ಕಷ್ಟ. ಅವರ ಮನೆಗೆ ಸಿಮೆಂಟ್ ಶೀಟಿನ ಸೂರು, ಒಂದೇ ಕೋಣೆ, ಅದರಲ್ಲೇ ಒಲೆ. ಮಧ್ಯಾಹ್ನ ಮನೆಗೆ ಹೋಗಿ ಅಡುಗೆ ಮಾಡಲಾಗದೆ ಬೆಳಗಿನ ಜಾವ ನಾಲ್ಕಕ್ಕೇ ಎರಡು ಹೊತ್ತಿನದನ್ನೂ ಮುಗಿಸಿ ಬರುತ್ತಾರೆ. ಉಳಿದ ಸುಣ್ಣವನ್ನು ಅವರಿಗೆ ಕೊಟ್ಟೆವು, ಅವರ ಮಗ ಶೀಟಿಗೆ ಬಳಿದ. ಒಲೆಯ ಬಿಸಿಗೆ ಸುಣ್ಣದಲ್ಲಿ ಮದ್ದಿಲ್ಲ ಎಂಬುದೂ ಗೊತ್ತು.

ಹಾಗಾದರೆ ಒಲೆಯ ಬಿಸಿಗೆ ಮದ್ದೇನು? ಗಾಳಿ ಹೊರದೂಡುವ ಎಕ್ಸಾಸ್ಟ್ ಫ್ಯಾನ್ ಒಂದು, ಅದು ಬಂದಾಗಿದೆ. ಇನ್ನೊಂದು, ಒಲೆಯನ್ನೇ ಕಡಿಮೆ ಹಚ್ಚುವುದು. ಈ ಜಾಣತನ ನಮ್ಮ ಅಡುಗೆಯಲ್ಲಿ ಇದ್ದೇ ಇದೆ. ರಾಮನವಮಿಯ ಪಾನಕ, ನೆನೆಸಿದ ಹೆಸರುಬೇಳೆಯ ಕೋಸಂಬರಿ, ನೀರುಮಜ್ಜಿಗೆ, ಇವುಗಳಲ್ಲಿ ಒಗ್ಗರಣೆಯ ಒಂದು ಸೌಟು ಬಿಟ್ಟರೆ ಬೆಂಕಿಯ ಕೆಲಸವೇ ಇಲ್ಲ. ಮಂಡ್ಯದ ಕಡೆಯ ನಾವು ಮುದ್ದೆ ಬಿಡುವವರಲ್ಲ, ಆದರೆ ಉರಿಯ ಮೇಲೆ ಬಗ್ಗಿ ಕೋಲಿನಿಂದ ಮುದ್ದೆ ತಿರುವುವುದಕ್ಕಿಂತ ಸೆಕೆಯ ಕೆಲಸ ಇನ್ನೊಂದಿಲ್ಲ; ಮಧ್ಯಾಹ್ನಕ್ಕೆ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಸಾಕು ಎಂದು ನಾನು ಹೇಳಿದ್ದಕ್ಕೆ ಅತ್ತೆಯವರೂ ಒಪ್ಪಿದರು. ಮೊಸರವಲಕ್ಕಿಗೂ ವಿರೋಧ ಬರಲಿಲ್ಲ.

ವಿರೋಧ ಬಂದದ್ದು ದೋಸೆಯ ವಿಷಯಕ್ಕೆ. ದೋಸೆ ಬಿಸಿಬಿಸಿಯಾಗಿ ಒಂದೊಂದೇ ತಟ್ಟೆಗೆ ಬೀಳಬೇಕು, ತಿನ್ನುವವರು ಫ್ಯಾನಿನ ಕೆಳಗೆ ಕೂತಿರುತ್ತಾರೆ, ಹೊಯ್ಯುವವಳು ಕಾದ ಕಾವಲಿಯ ಮುಂದೆ ಮುಕ್ಕಾಲು ಗಂಟೆ ನಿಂತು ಕೊನೆಗೆ ತಾನು ತಿನ್ನುವ ಹೊತ್ತಿಗೆ ಹಸಿವೇ ಸತ್ತಿರುತ್ತದೆ. ಭರಣಿ ಮಳೆ ಬಂದು ನೆಲ ತಣಿಯುವವರೆಗೆ ಮನೆಯಲ್ಲಿ ದೋಸೆ ಹೊಯ್ಯುವುದಿಲ್ಲ, ಮೈಸೂರಿನಲ್ಲಿ ದೋಸೆಯ ಹೋಟೆಲಿಗೇನು ಬರವಿಲ್ಲ ಎಂದು ಹೇಳಿಬಿಟ್ಟೆ. ಯಜಮಾನರು ಇದು ಅತಿಯಾಯಿತು ಎಂದರು. ಹಿಟ್ಟು ಫ್ರಿಜ್ಜಿನಲ್ಲಿದೆ, ಕಾವಲಿ ಇದ್ದಲ್ಲೇ ಇದೆ, ಭಾನುವಾರ ಯಾರು ಬೇಕಾದರೂ ಹೊಯ್ಯಬಹುದು ಎಂದೆ. ಮೊನ್ನೆ ಭಾನುವಾರ ಮಗ ಹೊಯ್ದ. ಮೊದಲ ಎರಡು ಕಾವಲಿಗೆ ಅಂಟಿಕೊಂಡವು, ಉಳಿದವು ಚೆನ್ನಾಗಿಯೇ ಬಂದವು. ಮುಗಿಸಿ ಹೊರಗೆ ಬಂದವನು ಅಂಗಿ ಹಿಂಡಿಕೊಳ್ಳುತ್ತಾ, ಈ ಎಸಿಯನ್ನು ಅಡುಗೆಮನೆಗೇ ಹಾಕಿಸಿದರೆ ಆಗುವುದಿಲ್ಲವೇ ಎಂದು ಅಪ್ಪನನ್ನು ಕೇಳಿದ.