‘ಒಂಚೂರು ನೋಡ್ಕೊ’ ಅಂದರೆ ಎಷ್ಟು?

ನಮ್ಮ ಕೋಲಾರದ ಕಾರ್ಖಾನೆಗಳಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಮಾತುಗಳಿವು: ‘ಒಂಚೂರು ನೋಡ್ಕೊ’, ‘ಬೇಗ ಬೇಗ ಆಗ್ಲಿ’, ‘ಆ ಕಡೆ ಇಡು’, ‘ಐದು ನಿಮಿಷ, ಬಂದೆ’. ‘ಬಂದೆ’ ಅಂದವರು ಇನ್ನೂ ಎದ್ದಿರುವುದೇ ಇಲ್ಲ. ‘ಆ ಕಡೆ’ ಯಾವ ಕಡೆ ಅಂತ ಹೇಳಿದವರಿಗೇ ಗೊತ್ತಿರುವುದಿಲ್ಲ. ಬಹುಪಾಲು ಜನ ಇದನ್ನೆಲ್ಲ ಅಂದಾಜಿನಲ್ಲಿ ತೂಗಿಸಿಕೊಂಡು ಹೋಗುತ್ತಾರೆ. ಆಟಿಸಂ, ಅಂದರೆ ಮಾತು, ಸದ್ದು, ಬದಲಾವಣೆಗಳನ್ನು ಮಿದುಳು ಹುಟ್ಟಿನಿಂದಲೇ ಬೇರೆ ಥರ ಗ್ರಹಿಸುವ ಸ್ಥಿತಿ, ಇರುವ ವಯಸ್ಕರು ಎಡವುವುದು ಈ ಅಂದಾಜಿನ ಜಾಗದಲ್ಲೇ. ಸರ್ಕಾರಿ ಕಾಗದಗಳಲ್ಲಿ ಇದಕ್ಕೆ ‘ಸ್ವಲೀನತೆ’ ಅನ್ನುತ್ತಾರೆ. ತನ್ನಲ್ಲೇ ಲೀನವಾದವರು ಅನ್ನುವ ಅರ್ಥ ಬರುವ ಆ ಹೆಸರೇ ನನಗೆ ಅಷ್ಟು ಹಿಡಿಸುವುದಿಲ್ಲ. ಹೊರಗಿನ ಸದ್ದು, ಬೆಳಕು, ವಾಸನೆ ಬೇರೆಯವರಿಗಿಂತ ಹೆಚ್ಚಾಗಿ ತಾಗುವ ಎಷ್ಟೋ ಜನರಿಗೆ ಆ ಹೆಸರು ಒಪ್ಪುವುದೇ ಇಲ್ಲ.

ನರಸಾಪುರ, ವೇಮಗಲ್, ಮಾಲೂರಿನ ಶಿಫ್ಟ್ ಬಸ್ಸು ಹತ್ತುವ ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರಲ್ಲಿ ಇಂಥವರೂ ಇದ್ದಾರೆ. ಎಷ್ಟೋ ಮಂದಿಗೆ ತಮಗಿರುವುದು ಆಟಿಸಂ ಅಂತಲೇ ಗೊತ್ತಿಲ್ಲ. ಊರಲ್ಲಿ ‘ಒಂಥರಾ’, ಶಾಲೆಯಲ್ಲಿ ‘ಮಂಕು’, ಕೆಲಸದಲ್ಲಿ ‘ಸೊಕ್ಕು, ಮಾತಾಡಿಸಿದರೆ ಮುಖ ಕೂಡ ನೋಡಲ್ಲ’. ಕಣ್ಣಲ್ಲಿ ಕಣ್ಣಿಡುವುದನ್ನೂ ಮಾತು ಕೇಳಿಸಿಕೊಳ್ಳುವುದನ್ನೂ ಒಟ್ಟಿಗೆ ಮಾಡುವುದು ಇವರಲ್ಲಿ ಹಲವರಿಗೆ ಕಷ್ಟ. ಮುಖ ಆಚೆ ತಿರುಗಿಸಿದಾಗಲೇ ಮಾತು ಸರಿಯಾಗಿ ಒಳಗೆ ಹೋಗುತ್ತದೆ. ಇಂಟರ್‌ವ್ಯೂನಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಅಂದಾಗ ತಡವರಿಸುವವರ ಕೈಗೆ ಅರ್ಧ ಗಂಟೆ ನಿಜವಾದ ಕೆಲಸ ಕೊಟ್ಟು ನೋಡಿ. ಬಾಯಿ ಹೇಳದ್ದನ್ನು ಕೈ ಹೇಳುತ್ತದೆ.

ಗಡಿ ಜಿಲ್ಲೆಯಾದ್ದರಿಂದ ನಮ್ಮಲ್ಲಿ ಇನ್ನೊಂದು ತೊಡಕಿದೆ. ಸೂಪರ್‌ವೈಸರ್ ಕನ್ನಡದಲ್ಲಿ ಶುರು ಮಾಡಿದ ವಾಕ್ಯವನ್ನು ತೆಲುಗಿನಲ್ಲಿ ಮುಗಿಸುತ್ತಾರೆ, ಕ್ವಾಲಿಟಿಯವರು ಬಂದು ಹಿಂದಿಯಲ್ಲಿ ತಿದ್ದುತ್ತಾರೆ. ಮೂರೂ ಭಾಷೆ ಬಂದರೂ, ಗದ್ದಲದ ನಡುವೆ ಬಾಯಿಮಾತಲ್ಲಿ ಬಂದ ನಾಲ್ಕು ಸೂಚನೆಯಲ್ಲಿ ಎರಡು ಕಳೆದುಹೋಗುತ್ತವೆ. ಆಮೇಲೆ ‘ಎಷ್ಟು ಸಲ ಹೇಳ್ಬೇಕಪ್ಪ ನಿನಗೆ’ ಅಂತ ಬೈಗುಳ. ಎಷ್ಟು ಸಲವೂ ಬೇಡ, ಒಂದು ಸಲ ಬರೆದು ಕೊಟ್ಟರೆ ಸಾಕು.

ಆದರೆ ಹೇಗೆ ಬರೆಯಬೇಕು ಅನ್ನುವುದರಲ್ಲೇ ಎಲ್ಲ ಇದೆ. ಪ್ಯಾಕಿಂಗ್ ಟೇಬಲ್ಲನ್ನೇ ತೆಗೆದುಕೊಳ್ಳಿ. ಬಾಯಿಮಾತಿನ ಸೂಚನೆ: ‘ಟ್ರೇ ತುಂಬಿದ ಮೇಲೆ ಆ ಕಡೆ ಇಟ್ಟು ಮುಂದಿನದ್ದು ನೋಡ್ಕೊ’. ಇದನ್ನು ಕಾರ್ಡಿನ ಮೇಲೆ ಹೀಗೆ ಬರೆಯಬಹುದು: ಒಂದು ಟ್ರೇಗೆ 24 ಪೀಸ್. ಗೀರು ಇದ್ದರೆ ಕೆಂಪು ಬಿನ್. 24 ಆದ ಮೇಲೆ ಟ್ರೇಯನ್ನು ಎಡಗಡೆಯ ಹಳದಿ ಗೆರೆಯೊಳಗೆ ಇಡು. ಚೀಟಿಯಲ್ಲಿ ಸಮಯ ಬರೆ. ಇಷ್ಟು ಬರೆದು ಬಹಳ ಜನ ಕೈತೊಳೆದುಕೊಳ್ಳುತ್ತಾರೆ, ಕೆಲಸ ಕೆಡುವುದು ಆಗಲೇ. ಮಧ್ಯಾಹ್ನ 2 ಗಂಟೆಗೆ ಬಜರ್ ಹೊಡೆದಾಗ ಟ್ರೇಯಲ್ಲಿ 11 ಪೀಸ್ ಇದ್ದರೆ? ಕಾರ್ಡಿನಲ್ಲಿ ಇಲ್ಲ. ಬಸ್ಸು ಹೊರಡುತ್ತಿದೆ, ಮುಂದಿನ ಶಿಫ್ಟಿನವರು ಬಂದು ನಿಂತಿದ್ದಾರೆ, ಇವರು 24 ಆಗುವವರೆಗೆ ಏಳುವುದಿಲ್ಲ. ನೋಡುವವರಿಗೆ ಇದು ಹಠ. ಕಾರ್ಡ್ ಹೇಳಿದ್ದನ್ನೇ ಅವರು ಮಾಡುತ್ತಿದ್ದಾರೆ. ‘ಶಿಫ್ಟ್ ಮುಗಿದಾಗ ಟ್ರೇ ಅರ್ಧ ಇದ್ದರೆ ಎಣಿಸಿ ಚೀಟಿಯಲ್ಲಿ ಬರೆದು, ಅಲ್ಲೇ ಬಿಟ್ಟು ಏಳು’ ಅನ್ನುವ ಒಂದು ಸಾಲು ಸೇರಿಸಿದರೆ ಆ ಜಗಳವೇ ಇಲ್ಲ. ಗೀರೋ ಕೂದಲೋ ಅಂತ ಅನುಮಾನ ಬಂದರೆ ಯಾರನ್ನು ಕೇಳಬೇಕು, ಅವರು ರಜೆಯಿದ್ದರೆ ಇನ್ಯಾರನ್ನು, ಎರಡು ಹೆಸರೂ ಇರಲಿ. ‘ಯಾರನ್ನಾದ್ರೂ ಕೇಳು’ ಅಂದರೆ ಯಾರನ್ನೂ ಕೇಳುವುದಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಲೈನ್ ಬದಲಾವಣೆ. ಬೆಳಿಗ್ಗೆ ನಾಲ್ಕು ಜನ ಗೈರು ಅಂದರೆ ‘ಇವತ್ತು ನೀನು ಆ ಲೈನಿಗೆ ಹೋಗು’ ಅನ್ನುವುದು ರೂಢಿ. ಹಿಂದಿನ ರಾತ್ರಿಯಿಂದಲೇ ಇಡೀ ದಿನವನ್ನು ತಲೆಯಲ್ಲಿ ಜೋಡಿಸಿಟ್ಟುಕೊಂಡು ಬಂದವರಿಗೆ ಆ ಒಂದು ಮಾತಿಗೆ ಎಲ್ಲ ಕುಸಿಯುತ್ತದೆ. ಆದಷ್ಟೂ ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ ತಿಳಿಸಿ. ಆಗದಿದ್ದರೆ ಮೂರು ವಿಷಯ ಹೇಳಿ: ಎಲ್ಲಿ, ಏನು ಕೆಲಸ, ಎಷ್ಟು ಗಂಟೆವರೆಗೆ. ಮೂರನೆಯದನ್ನು ಎಲ್ಲರೂ ಬಿಡುತ್ತಾರೆ. ಅವರಿಗೆ ಬೇಕಾದದ್ದೇ ಅದು.

ಇನ್ನು ಸದ್ದು. ಕಾರ್ಖಾನೆಯ ನಿಯಮದ ಮಿತಿ 8 ಗಂಟೆಗೆ 90 ಡೆಸಿಬೆಲ್, ಅದು ಕಿವಿ ಕೆಡದಿರಲೆಂದು. ಆಟಿಸಂ ಇರುವವರಿಗೆ ಅದಕ್ಕಿಂತ ಎಷ್ಟೋ ಕಡಿಮೆ ಸದ್ದೂ ನೋವಾಗಬಹುದು, ಅದರಲ್ಲೂ ದಿಢೀರ್ ಬರುವಂಥದ್ದು: ಏರ್ ಗನ್ನಿನ ಬುಸ್, ಬಜರ್, ಕ್ಯಾಂಟೀನಿನಲ್ಲಿ ಸ್ಟೀಲ್ ತಟ್ಟೆಗಳನ್ನು ಒಂದರ ಮೇಲೊಂದು ಎಸೆಯುವ ಸದ್ದು. ತಮಾಷೆ ಅಂದರೆ ಲೈನಿನ ಮೇಲೆ ಎಲ್ಲರಿಗೂ ಇಯರ್‌ಪ್ಲಗ್ ಇರುತ್ತದೆ, ಅಲ್ಲಿ ಅಷ್ಟು ತೊಂದರೆಯಿಲ್ಲ. ಕ್ಯಾಂಟೀನಿನಲ್ಲೂ, ಸ್ಪೀಕರ್ ಹಾಕಿಕೊಂಡು ಬರುವ ಶಿಫ್ಟ್ ಬಸ್ಸಿನಲ್ಲೂ ಹಾಕಿಕೊಂಡರೆ ‘ಏನಣ್ಣ, ನಮ್ಮ ಮಾತು ಬೇಡ್ವಾ’ ಅಂತ ಕುಟುಕು. ಅಲ್ಲೂ ಹಾಕಿಕೊಳ್ಳಲು ಬಿಡಿ. ಊಟಕ್ಕೆ ಹತ್ತು ನಿಮಿಷ ಮೊದಲೋ ಕೊನೆಯಲ್ಲೋ ಕಳಿಸಿ. ಫೋಮ್ ಪ್ಲಗ್ಗನ್ನು ಹೆಚ್ಚಿನವರು ಸುಮ್ಮನೆ ಕಿವಿಯ ತೂತಿನ ಬಾಯಿಗಷ್ಟೇ ತುರುಕಿಕೊಂಡು ‘ಏನೂ ಉಪಯೋಗ ಇಲ್ಲ’ ಅನ್ನುತ್ತಾರೆ. ತೊಳೆದ ಕೈಯಲ್ಲಿ ಅದನ್ನು ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಉಬ್ಬುವ ತನಕ 20ರಿಂದ 30 ಸೆಕೆಂಡ್ ಒತ್ತಿ ಹಿಡಿಯಬೇಕು. ಫೋರ್ಕ್‌ಲಿಫ್ಟ್ ಓಡಾಡುವ ದಾರಿಯಲ್ಲಿ ಮಾತ್ರ ಹಾರನ್ ಕೇಳಿಸುವಷ್ಟು ಕಿವಿ ತೆರೆದಿರಬೇಕು.

ಬೆಳಕಿನ ವಿಷಯ ಯಾರೂ ನಂಬುವುದಿಲ್ಲ. ಹಳೇ ಚೋಕ್‌ನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮಗೆ ಕಾಣದ್ದು ಕೆಲವರಿಗೆ ತಲೆನೋವಾಗಿ ತಾಗುತ್ತದೆ. ಟ್ಯೂಬ್ ಬದಲಿಸಿ, ಆಗದಿದ್ದರೆ ಕುರ್ಚಿ ಬದಲಿಸಿ. ಹೊಸ ಯೂನಿಫಾರ್ಮ್ ಚುಚ್ಚುತ್ತದೆ ಅಂದರೆ ಮೂರು ನಾಲ್ಕು ಸಲ ಒಗೆದು, ಕಾಲರಿನ ಲೇಬಲ್ ಕತ್ತರಿಸಿ ಹಾಕಿಕೊಳ್ಳಲಿ, ಒಳಗೆ ಬನಿಯನ್ ತಿರುವಿ ತೊಟ್ಟರೆ ಹೊಲಿಗೆ ತಾಗುವುದಿಲ್ಲ. ಟೊಮೆಟೊ ಮಂಡಿಗೂ ಈ ಮಾತು ಸಲ್ಲುತ್ತದೆ. ಹರಾಜಿನ ಕೂಗಿನ ಮಧ್ಯೆ ನಿಲ್ಲಲಾಗದವರು ಮಂಡಿಯ ಒಳಗೆ ಕೂತು 15 ಕೆಜಿ ಬಾಕ್ಸುಗಳ ಲೆಕ್ಕ, ಬಿಲ್ಲು ಬರೆಯಬಹುದು. ಹಾಗಂತ ಆಟಿಸಂ ಇದ್ದವರೆಲ್ಲ ಲೆಕ್ಕದಲ್ಲಿ ಹುಲಿ ಅಂತ ತಿಳಿಯಬೇಡಿ. ‘ಇವರಿಗೆ ಒಂದೇ ಥರದ ಕೆಲಸ ಕೊಟ್ಟರೆ ಸಾಕು’ ಅನ್ನುವುದೂ ಅಷ್ಟೇ ಸುಳ್ಳು.

ಆಯುಧಪೂಜೆ ದಿನ ಬೇರೆಯದೇ ಪರೀಕ್ಷೆ. ಮೈಕು, ಊದುಬತ್ತಿ ಹೊಗೆ, ಒಡೆದ ಬೂದುಗುಂಬಳ, ಕಾಲಿಗೆ ಅಂಟುವ ಕುಂಕುಮ, ಹೆಗಲ ಮೇಲೆ ಕೈ ಹಾಕಿ ಫೋಟೊ. ಬರದಿದ್ದರೆ ‘ನಮ್ಮ ಜತೆ ಸೇರಲ್ಲ’ ಅನ್ನುವ ಮಾತು. ಕಡ್ಲೆಪುರಿ ಪೊಟ್ಟಣ ಕಟ್ಟುವ ಕೆಲಸವನ್ನು ಪಕ್ಕದ ರೂಮಿನಲ್ಲಿ ಕೊಟ್ಟು ನೋಡಿ. ಹಬ್ಬಕ್ಕೂ ಸೇರಿದಂತಾಯಿತು, ಗದ್ದಲವೂ ತಪ್ಪಿತು.

ಇದೆಲ್ಲ ತಡೆದುಕೊಂಡು, ಎಲ್ಲರಂತೆ ನಕ್ಕು, ಎಲ್ಲರಂತೆ ನಿಂತು ನಟಿಸುವುದರಲ್ಲೇ ಮೈಯ ಶಕ್ತಿ ಸೋರಿಹೋಗಿರುತ್ತದೆ. ಒಂದು ದಿನ ಕಟ್ಟೆ ಒಡೆಯುತ್ತದೆ. ಕೆಲವರು ಕೂಗಾಡುತ್ತಾರೆ, ಕೆಲವರು ಮಾತೇ ನಿಂತು ಕಲ್ಲಿನಂತೆ ಕೂರುತ್ತಾರೆ. ಆಗ ನಮ್ಮವರು ಫಿಟ್ಸ್ ಅಂದುಕೊಂಡು ಕೈಗೆ ಬೀಗದ ಕೀ ತುರುಕುತ್ತಾರೆ, ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ, ಮುಖಕ್ಕೆ ನೀರೆರಚುತ್ತಾರೆ. ಫಿಟ್ಸಿಗೂ ಅದರಿಂದ ಉಪಯೋಗವಿಲ್ಲ, ಇಲ್ಲಂತೂ ಬೆಂಕಿಗೆ ತುಪ್ಪ. ಮೊದಲು ಮೆಷಿನ್ ಆಫ್ ಮಾಡಿ. ಜನರನ್ನು ಚದುರಿಸಿ. ಮುಟ್ಟಬೇಡಿ, ಪ್ರಶ್ನೆ ಕೇಳಬೇಡಿ. ಪ್ರಥಮ ಚಿಕಿತ್ಸೆಯ ಕೋಣೆಯೋ ಸ್ಟೋರೋ ಒಂದನ್ನು ಮೊದಲೇ ಗೊತ್ತು ಮಾಡಿಟ್ಟು ಅಲ್ಲಿಗೆ ದಾರಿ ಬಿಡಿ, ನೀರಿನ ಬಾಟಲಿ ಪಕ್ಕದಲ್ಲಿಟ್ಟು ದೂರ ನಿಲ್ಲಿ. ಇಪ್ಪತ್ತು ನಿಮಿಷವಾದರೂ ಬೇಕು, ಕೆಲವೊಮ್ಮೆ ಆ ದಿನವೇ ಮುಗಿದಂತೆ. ಮರುದಿನ ಎಲ್ಲರೆದುರು ‘ಸಾರಿ’ ಹೇಳಿಸಬೇಡಿ.

ಆಟಿಸಂ ಇದೆ ಅಂತ ಕೆಲಸದ ಕಡೆ ಹೇಳಬೇಕೋ ಬೇಡವೋ? ನನ್ನ ಅಭಿಪ್ರಾಯ: ಆ ಪದ ಹೇಳದೆಯೂ ಬೇಕಾದದ್ದನ್ನು ಕೇಳಬಹುದು. ‘ಸಾರ್, ಬಾಯಲ್ಲಿ ಹೇಳಿದ್ದು ನನಗೆ ತಪ್ಪಿಹೋಗುತ್ತೆ, ವಾಟ್ಸಾಪ್‌ನಲ್ಲಿ ಹಾಕಿಬಿಡಿ’ ಅನ್ನುವುದಕ್ಕೆ ಸರ್ಟಿಫಿಕೇಟ್ ಬೇಡ. ಕೆಲಸವೇ ಹೋಗುವಂತಾದಾಗ ಮಾತ್ರ ಕಾಗದ ಬೇಕಾಗುತ್ತದೆ. ಅಂಗವಿಕಲರಿಗಾಗಿ ಬಂದ 1995ರ ಕಾಯ್ದೆಯಲ್ಲಿ ಆಟಿಸಂ ಇರಲೇ ಇಲ್ಲ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಇದೂ ಒಂದು. ಸರ್ಕಾರಿ ಹುದ್ದೆಗಳ ಶೇ 4 ಮೀಸಲಾತಿಯಲ್ಲಿ ಶೇ 1ರ ಪಾಲು ಇದಕ್ಕಿದೆ, ಅದನ್ನೂ ಬೌದ್ಧಿಕ ಅಸಮರ್ಥತೆ, ಕಲಿಕಾ ತೊಡಕು, ಮಾನಸಿಕ ಕಾಯಿಲೆ ಇರುವವರೊಂದಿಗೆ ಹಂಚಿಕೊಳ್ಳಬೇಕು. 20 ಅಥವಾ ಹೆಚ್ಚು ಜನರಿರುವ ಖಾಸಗಿ ಸಂಸ್ಥೆ ಸಮಾನ ಅವಕಾಶ ನೀತಿಯನ್ನು ಬರೆದು ಪ್ರಕಟಿಸಬೇಕು, ಒಬ್ಬ ಸಂಪರ್ಕಾಧಿಕಾರಿಯನ್ನೂ ನೇಮಿಸಬೇಕು. ಅವರು ಯಾರೆಂದು ಎಚ್‌ಆರ್‌ನಲ್ಲಿ ಕೇಳಿ ನೋಡಿ. ಕಾಂಟ್ರಾಕ್ಟ್ ಕೆಲಸಗಾರನಾದರೆ ಕಂಪನಿ ಏಜೆನ್ಸಿಯನ್ನು, ಏಜೆನ್ಸಿ ಕಂಪನಿಯನ್ನು ತೋರಿಸುತ್ತದೆ. ಹಾಗಾಗಿ ಅರ್ಜಿ ಎರಡು ಕಡೆಗೂ ಬರಹದಲ್ಲೇ ಹೋಗಲಿ.

ಸರ್ಟಿಫಿಕೇಟಿಗೆ ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅಳತೆಗೆ ಬಳಸುವ ಭಾರತೀಯ ಮಾಪಕದಲ್ಲಿ 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70 ಮುಟ್ಟದಿದ್ದರೆ ಆಟಿಸಂ ಇಲ್ಲ ಅನ್ನುವ ಲೆಕ್ಕ. ವರ್ಷಗಟ್ಟಲೆ ನಟಿಸಿ ಪಳಗಿದವರು ಇಲ್ಲೇ ಸಿಕ್ಕಿಬೀಳುತ್ತಾರೆ: ವೈದ್ಯರ ಮುಂದೆ ಅರ್ಧ ಗಂಟೆ ಚೆನ್ನಾಗಿಯೇ ಮಾತಾಡಿ, ಅಂಕ ಕಡಿಮೆ ಬಂದು ವಾಪಸ್ ಬರುತ್ತಾರೆ. ಒಬ್ಬರೇ ಹೋಗಬಾರದು. ಬಾಲ್ಯ ನೆನಪಿರುವ ಅಮ್ಮನನ್ನೋ ದೊಡ್ಡಮ್ಮನನ್ನೋ ಕರೆದುಕೊಂಡು ಹೋಗಬೇಕು. ಮಾತು ಯಾವಾಗ ಬಂತು, ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದರು, ಯಾವ ಊಟ ಬಿಟ್ಟರೆ ಬೇರೆ ಮುಟ್ಟುತ್ತಿರಲಿಲ್ಲ ಅನ್ನುವುದನ್ನು ಬರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಕೊನೆಗೆ, ಎಲ್ಲ ಸರಿಯಿದ್ದ ಕಡೆಯೂ ಕೆಡುವುದು ಸೂಪರ್‌ವೈಸರ್ ಬದಲಾದಾಗ. ಮೇಲೆ ಹೇಳಿದ ಏರ್ಪಾಡೆಲ್ಲ ಹಳಬರ ತಲೆಯಲ್ಲಿತ್ತು, ಅವರ ಜತೆಗೇ ಹೋಯಿತು. ಹೊಸಬರು ಬಂದ ಕೆಲವೇ ವಾರದಲ್ಲಿ ಹುಡುಗ ಬರುವುದು ನಿಲ್ಲಿಸುತ್ತಾನೆ, ರಿಜಿಸ್ಟರಿನಲ್ಲಿ ‘ಗೈರು’ ಅಂತ ಬೀಳುತ್ತದೆ. ಇದನ್ನು ತಪ್ಪಿಸಲು ಅರ್ಧ ಹಾಳೆ ಸಾಕು. ಒಂದು ಪ್ರತಿ ಲೈನಿನ ಫೈಲಿನಲ್ಲಿ, ಒಂದು ಅವರ ಕೈಯಲ್ಲಿ. ಯಾವ ಟೇಬಲ್, ಅನುಮಾನ ಬಂದರೆ ಕೇಳಬೇಕಾದ ಇಬ್ಬರ ಹೆಸರು, ಊಟದ ಸಮಯ, ಬಸ್ಸಿನ ಸೀಟು, ಸುಸ್ತಾದರೆ ಹೋಗಬೇಕಾದ ಕೋಣೆ. ಅಡಿಯಲ್ಲಿ ಒಂದು ಸಾಲು: ‘ಇದರಲ್ಲಿ ಏನಾದರೂ ಬದಲಾಗುವುದಿದ್ದರೆ ಹಿಂದಿನ ದಿನ ಶಿಫ್ಟ್ ಮುಗಿಯುವುದರೊಳಗೆ ಬರೆದು ತಿಳಿಸುವುದು.’